ಅತ್ತೆ ಕುಳಿತರೆ ಆರಿಹೋಗುವ ಲ್ಯಾಪ್‌ಟಾಪ್

ನಮ್ಮ ಮನೆತನದಲ್ಲಿ ಕಂಪ್ಯೂಟರ್ ಬಲ್ಲವಳು ಎಂಬ ಹೆಸರು ನನಗೆ ಬಂದದ್ದು ಒಂದು ಮದುವೆಯ ಹಿಂದಿನ ದಿನ. ಪ್ರಿಂಟರಿನೊಳಗೆ ಸಿಕ್ಕಿಕೊಂಡಿದ್ದ ಕಾಗದವನ್ನು ಎಲ್ಲರೂ ನೋಡುತ್ತ ನಿಂತಿದ್ದರು, ನಾನು ಎಳೆದು ತೆಗೆದೆ. ಅಷ್ಟೇ. ಸಿಂದಗಿಯ ಹೈಸ್ಕೂಲಿನಲ್ಲಿ ನಾನು ಕಲಿಸುವುದು ವಿಜ್ಞಾನ. ಆದರೂ ಅಂದಿನಿಂದ ಯಾರ ಫೋನ್ ಬಿಸಿಯಾದರೂ, ಯಾರ ಮನೆಯ ಟಿ.ವಿ. ಮೂಕವಾದರೂ ಕರೆ ಬರುವುದು ನನಗೇ. ಹೀಗಾಗಿ ಇಂಡಿ ಊರಿನಲ್ಲಿರುವ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಲ್ಯಾಪ್‌ಟಾಪ್ ಕೊಳ್ಳಲು ಹೊರಟಾಗ ವಿಜಯಪುರದ ಅಂಗಡಿಗೆ ಜೊತೆಗೆ ಹೋದವಳೂ ನಾನೇ, ಇದನ್ನೇ ತಗೋ ಎಂದು ಬೆರಳು ತೋರಿಸಿದವಳೂ ನಾನೇ.

ಅತ್ತೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಅವಳ ಅವ್ವ ಹಲಸಂಗಿ ಕಡೆಯವಳು. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಆಕೆ ಹಾಡುತ್ತಿದ್ದ ಹಾಡುಗಳೆಲ್ಲ ಅತ್ತೆಯ ಬಾಯಲ್ಲೇ ಇದ್ದವು. ಅವನ್ನೆಲ್ಲ ತಾನೇ ಕೂತು ಟೈಪ್ ಮಾಡಿಡಬೇಕೆಂಬುದು ಅವಳ ಆಸೆ. ಬೇರೆಯವರಿಗೆ ಹೇಳಿ ಬರೆಸುವುದು ಅವಳಿಗೆ ಒಗ್ಗದು. ಬರೆಯುವವರು ತಮಗೆ ತಿಳಿದ ಹಾಗೆ ತಿದ್ದುತ್ತಾರೆ ಎಂಬ ಗುಮಾನಿ. ಕನ್ನಡ ಟೈಪಿಂಗನ್ನು ಅವಳು ಬಲು ಬೇಗ ಕಲಿತಳು. ಒತ್ತಕ್ಷರ ಸರಿಯಾಗಿ ಮೂಡದಿದ್ದರೆ ಹಿಂದಿನ ಬೆಂಚಿನ ಹುಡುಗಿಯನ್ನು ನೋಡುವಂತೆ ಪರದೆಯನ್ನು ನೋಡುತ್ತಿದ್ದಳು.

ಒಂದು ವಾರದಲ್ಲೇ ಫೋನ್ ಬಂತು.

"ಏ ತಂಗಿ, ನಿನ್ನ ಲ್ಯಾಪ್‌ಟಾಪ್ ಸತ್ತೈತಿ."

ಅದುವರೆಗೂ ಅತ್ತೆಯ ಬಾಯಲ್ಲಿ ಅದು 'ನನ್ನ ಲ್ಯಾಪ್‌ಟಾಪ್' ಆಗಿತ್ತು. ಕೆಟ್ಟ ಗಳಿಗೆಯಿಂದ ನನ್ನದಾಯಿತು.

"ಸತ್ತೈತಿ ಅಂದ್ರ ಹೆಂಗ ಅತ್ತಿ?"

"ಹಾಡು ಹೊಡೀಲಾಕ ಕುಂತಿದ್ನಿ. ಎರಡು ಸಾಲು ಆಗೂದ್ರಾಗ ಪರದಿ ಕರ್ರಗ ಆತು. ಯಾವ ಬಟನ್ ಒತ್ತಿದ್ರೂ ಕಣ್ಣ ತಗಿವಲ್ದು. ಕಡೀಕ ಪವರ್ ಬಟನ್ ಗಟ್ಟಿ ಒತ್ತಿ ಹಿಡದ ಎಬ್ಬಿಸಿದ್ನಿ. ಎದ್ದ ಮ್ಯಾಲ ನೋಡಿದ್ರ ಹಾಡೇ ಇಲ್ಲ."

ಶನಿವಾರ ಬೆಳಗಿನ ಶಾಲೆ ಮುಗಿಸಿ ಇಂಡಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗಿತ್ತು. ನಾನು ಕುಳಿತು ಹಾಡು ಹಚ್ಚಿದೆ, ವಿಡಿಯೋ ಓಡಿಸಿದೆ, ಒಂದು ಪುಟ ಟೈಪ್ ಮಾಡಿದೆ. ಏನೂ ಆಗಲಿಲ್ಲ. "ನೀ ಕುಂದ್ರು ನೋಡೋಣು" ಎಂದು ಎದ್ದೆ. ಅತ್ತೆ ಕೈಯ ಹಸಿರು ಬಳೆ, ಕಡಗಗಳನ್ನೆಲ್ಲ ಹಿಂದೆ ಸರಿಸಿ, ಚಸ್ಮಾ ಏರಿಸಿ ಕುಳಿತಳು. ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಪರದೆ ಫಕ್ಕನೆ ಆರಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆಯ ಗಂಡ, ನನ್ನ ಮಾಮಾ, ನಿಂಬೆ ತೋಟದವರು. ಅವರಿಗೆ ಲೋಕದ ಎಲ್ಲ ಯಂತ್ರಗಳ ಬಗೆಗೂ ಒಂದೇ ತೀರ್ಪು: "ವೋಲ್ಟೇಜ್ ಇಲ್ಲ. ತ್ವಾಟದಾಗ ಮೋಟರ್ ಸುಡೂದೂ ಇದಕ್ಕ."

"ಇದು ಬ್ಯಾಟರಿ ಮ್ಯಾಲ ನಡದೈತ್ರಿ ಮಾಮಾ."

"ಬ್ಯಾಟರಿ ತುಂಬಿದ್ದು ಇದ ಕರೆಂಟಿಲೆ ಹೌದಿಲ್ಲೋ?"

ಚಾರ್ಜರನ್ನು ಬೇರೆ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿದೆವು. ಬಿಸಿಯಾಗುತ್ತಿರಬಹುದೆಂದು ಚಪಾತಿ ಲಟ್ಟಿಸುವ ಮಣೆಯ ಮೇಲೆ ಎತ್ತರಿಸಿ ಇಟ್ಟೆವು. ಫ್ಯಾನಿನ ಕೆಳಗೆ ತಂದೆವು. ನಾನು ಎಲ್ಲ ಅಪ್‌ಡೇಟುಗಳನ್ನು ಹಾಕಿದೆ, ಆಮೇಲೆ ತೆಗೆದೆ. ಅತ್ತೆ ಕುಳಿತಾಗ ಅದು ಆರಿತು, ನಾನು ಕುಳಿತಾಗ ಬೆಳಗಿತು.

ಮರುದಿನ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆವು. ಆ ಕಡೆಯ ಮನುಷ್ಯ ಹಿಂದಿಯವನು, ಬಲು ಸಭ್ಯ. ಲ್ಯಾಪ್‌ಟಾಪ್ ಬಂದ್ ಆಗುವಾಗ ಅದರಲ್ಲಿ ಏನು ನಡೆಯುತ್ತಿರುತ್ತದೆ ಎಂದು ಕೇಳಿದ. ಅತ್ತೆ ಫೋನ್ ಕಸಿದುಕೊಂಡು ತನ್ನ ಹಿಂದಿಯಲ್ಲಿ, "ಬೀಸೂ ಪದಾ ಚಲ್ತಾ ಹೈ" ಎಂದಳು. ಆತ ಅದನ್ನು ಮತ್ತೊಮ್ಮೆ ಹೇಳಿಸಿಕೊಂಡ. ಆ ಹೆಸರಿನ ಸಾಫ್ಟ್‌ವೇರ್ ತನಗೆ ಗೊತ್ತಿಲ್ಲವೆಂದೂ, ತೊಂದರೆ ಅದರಿಂದಲೇ ಇದ್ದೀತೆಂದೂ, ಮೊದಲು ಅದನ್ನು ತೆಗೆದುಹಾಕಬೇಕೆಂದೂ ತಿಳಿಸಿದ.

"ಏನಂತ?" ಎಂದರು ಮಾಮಾ.

"ನಮ್ಮ ಅವ್ವನ ಹಾಡು ತಗದ ಒಗೀರಿ ಅಂತಾನ" ಎಂದು ಅತ್ತೆ ಫೋನ್ ಇಟ್ಟೇಬಿಟ್ಟಳು.

ಉಳಿದದ್ದು ಅಂಗಡಿ. ಅಲ್ಲಿ ಕೆಲವು ದಿನ ಇರಿಸಿಕೊಂಡರು. ಮೆಮೊರಿ ಬಿಚ್ಚಿ ಮತ್ತೆ ಕೂರಿಸಿದರಂತೆ, ಇಡೀ ದಿನ ಸಿನಿಮಾ ಓಡಿಸಿದರಂತೆ. ಒಮ್ಮೆಯೂ ಆರಲಿಲ್ಲ. ತರಲು ನಾವಿಬ್ಬರೂ ಹೋದಾಗ ಅಂಗಡಿಯವನು ಚಹ ತರಿಸಿಕೊಟ್ಟು ಮೆತ್ತಗೆ ಹೇಳಿದ: "ಮಷಿನ್‌ದಾಗ ಏನೂ ಫಾಲ್ಟ್ ಇಲ್ರಿ ಮೇಡಂ. ಬಳಸೂದ್ರಾಗ ಏನರ..." ಮುಂದಿನದನ್ನು ಅವನು ಮರ್ಯಾದೆಗಾಗಿ ನುಂಗಿದ. ಆದರೆ ಜೀವನವಿಡೀ ಮಕ್ಕಳು ನುಂಗಿದ ಮಾತನ್ನೇ ಕೇಳಿಸಿಕೊಂಡು ಬಂದ ಅತ್ತೆಗೆ ಅದು ಪೂರ್ತಿ ಕೇಳಿಸಿತು.

ಮನೆಗೆ ತಂದು ಹಚ್ಚಿದಳು, ಆರಿತು. ಮಾಮಾ ವಾತಾವರಣ ತಿಳಿ ಮಾಡಲು, "ಹೊಸಾ ಎತ್ತಿನಂಗ ಐತಿ. ನಿನ್ನ ಕೈ ಇನ್ನಾ ಅದಕ್ಕ ರೂಢಿ ಆಗಿಲ್ಲ" ಎಂದರು. ಉಳಿದ ದಿನವಾಗಿದ್ದರೆ ಅತ್ತೆ ತಿರುಗಿ ಎರಡು ಮಾತು ಬಾರಿಸುತ್ತಿದ್ದಳು. ಅವತ್ತು ಸುಮ್ಮನೆ ಮುಚ್ಚಳ ಮುಚ್ಚಿದಳು.

"ಇರಲಿ ಬಿಡವಾ. ನನಗ ಆಗೂ ಕೆಲಸ ಅಲ್ಲಿದು. ನೀನ ಒಯ್ದು ಬಳಸು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕಲಕಿದ್ದು. ಶಾಲೆಯ ಗಂಟೆಯಿಂದ ಹಿಡಿದು ಶಿಕ್ಷಣಾಧಿಕಾರಿಯವರೆಗೆ ಎಲ್ಲವನ್ನೂ ತನ್ನ ಹತೋಟಿಯಲ್ಲಿಟ್ಟುಕೊಂಡಿದ್ದ ಹೆಂಗಸು, ಒಂದು ಪೆಟ್ಟಿಗೆ ತನ್ನನ್ನು ಬೇಡವೆನ್ನುತ್ತಿದೆ ಎಂದು ಒಪ್ಪಿಕೊಂಡುಬಿಟ್ಟಿದ್ದಳು. ನಾನು ಒಯ್ಯಲಿಲ್ಲ. ಅತ್ತೆ ಅದಕ್ಕೆ ಹಳೆಯ ಟಾವೆಲ್ ಸುತ್ತಿ ಕಪಾಟಿನಲ್ಲಿಟ್ಟಳು.

ದಸರೆಯ ರಜೆಗೆ ಮತ್ತೆ ಹೋದಾಗ ಅತ್ತೆ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹಾಸಿ ಕೌದಿ ಹೊಲಿಯುತ್ತಿದ್ದಳು. ನಾನು ಎದುರಿಗೆ ಕುಳಿತು ಇನ್ನೊಂದು ಅಂಚು ಹಿಡಿದಿದ್ದೆ. ನಡುವೆ ದಾರ ಹರಿಯಿತು. ದಾರದುಂಡೆ ಹುಡುಕಲು ಅತ್ತೆ ಸೂಜಿ ಕೆಳಗಿಟ್ಟಳು. ತಿರುಗಿ ನೋಡಿದರೆ ಸೂಜಿ ಇಲ್ಲ. ಕೌದಿ ಕೊಡವಿದೆವು. ಹೊರಗಿನಿಂದ ಬಂದ ಮಾಮಾ ಬರಿಗಾಲಲ್ಲಿ ಹೊಸ್ತಿಲ ಮೇಲೇ ನಿಂತರು.

"ಸೂಜಿ ಸಿಗೂತನಾ ನಾ ಒಳಗ ಬರೂದಿಲ್ಲ" ಎಂದವರು, ಅಲ್ಲಿಂದಲೇ ಕಣ್ಣು ಕಿರಿದು ಮಾಡಿ, "ಅಲ್ಲೇ ಐತಲ್ಲ, ನಿನ್ನ ಕೈಗೇ ಅಂಟೇತಿ" ಎಂದರು.

ನಿಜ. ಅತ್ತೆಯ ಎಡಗೈಯ ಕಡಗಕ್ಕೆ ಸೂಜಿ ಅಡ್ಡಡ್ಡ ಅಂಟಿಕೊಂಡಿತ್ತು. ಅತ್ತೆ ಅದನ್ನು ಕಿತ್ತು, ಏನೂ ಆಗದವಳಂತೆ ದಾರ ಪೋಣಿಸತೊಡಗಿದಳು. "ಇದು ಯಾವಾಗ್ಲೂ ಹಿಂಗ ಮಾಡತೈತಿ. ಪಿನ್ನಾ ಹಿಡೀತೈತಿ, ಸೂಜಿ ಹಿಡೀತೈತಿ."

ಆ ಕಡಗವನ್ನು ಕೊಟ್ಟವಳು ನನ್ನ ಅವ್ವ. ಬಸವನ ಬಾಗೇವಾಡಿಯಲ್ಲಿರುವ ಅವ್ವ ಒಮ್ಮೆ ಮುದ್ದೇಬಿಹಾಳದ ನೆಂಟರ ಮನೆಗೆ ಹೋದಾಗ, ಅಲ್ಲಿ ಯಾರೋ ಮೊಣಕಾಲು ನೋವಿಗೆ ರಾಮಬಾಣವೆಂದು ಹೊಗಳಿದರೆಂದು ಅಯಸ್ಕಾಂತದ ಕಡಗ ಕೊಂಡಿದ್ದಳು. ಒಂದು ತನಗೆ, ಇನ್ನೊಂದು ನಾದಿನಿಗೆ. ಮಲಗುವಾಗಲೂ ತೆಗೆಯಬಾರದೆಂಬ ಪಥ್ಯ ಬೇರೆ. ಅತ್ತೆಯ ಕೈಯಲ್ಲಿ ಅದನ್ನು ಎಷ್ಟು ನೋಡಿದ್ದೆನೆಂದರೆ ಕಾಣುವುದೇ ನಿಂತುಹೋಗಿತ್ತು.

ನಾನು ಕೌದಿ ಬಿಟ್ಟು ಎದ್ದೆ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ. ಮುಚ್ಚಿದೆ ಎಂದು ಅದಕ್ಕೆ ತಿಳಿಯುವುದು ಹೇಗೆ? ಅಂಚಿನಲ್ಲಿ ಒತ್ತುವ ಗುಂಡಿಯೇನೂ ಇಲ್ಲ. ಮುಚ್ಚಳದಲ್ಲಿ ಎಲ್ಲೋ ಒಂದು ಚೂರು ಅಯಸ್ಕಾಂತವಿರಬೇಕು, ಕೆಳಗೆ ಅದನ್ನು ಗುರುತಿಸುವ ಸಾಧನವಿರಬೇಕು.

ಟಾವೆಲ್ ಬಿಚ್ಚಿ ಲ್ಯಾಪ್‌ಟಾಪ್ ಹಚ್ಚಿದೆ. "ಅತ್ತಿ, ಆ ಕಡಗ ಇತ್ತ ಕೊಡು." ಕೀಲಿಗಳ ಕೆಳಗೆ ಎಡಗೈ ಊರುವ ಜಾಗದ ಮೇಲೆ ಕಡಗವನ್ನು ಮೆಲ್ಲಗೆ ಸರಿಸಿದೆ. ಪರದೆ ಆರಿತು. ಕಡಗ ದೂರ ಒಯ್ದು ಬಟನ್ ಒತ್ತಿದೆ. ಎದ್ದಿತು.

ಮಾಮಾ ಸೂಜಿಯ ಭಯ ಮರೆತು ಒಳಗೆ ಬಂದಿದ್ದರು. "ಇಲ್ಲಿ ತಾ" ಎಂದು ಕಡಗ ಇಸಿದುಕೊಂಡು ತಾವೇ ಆಡಿಸಿದರು. ಮಲಗಿಸಿದರು, ಎಬ್ಬಿಸಿದರು, ಮತ್ತೆ ಮಲಗಿಸಿದರು. ವೋಲ್ಟೇಜಿನ ಮಾತು ಅವರ ಬಾಯಿಂದ ಬರಲಿಲ್ಲ.

ಆಗ ನನಗೆ ಇಡೀ ಕತೆ ಅರ್ಥವಾಯಿತು. ಪಾಪದ ಲ್ಯಾಪ್‌ಟಾಪ್ ಒಮ್ಮೆಯೂ ಸತ್ತಿರಲೇ ಇಲ್ಲ. ಮುಚ್ಚಳ ಮುಚ್ಚಿತೆಂದುಕೊಂಡು ಕಣ್ಣು ಮುಚ್ಚುತ್ತಿತ್ತು, ಹಾಡೂ ಒಳಗೆ ಭದ್ರವಾಗಿಯೇ ಇರುತ್ತಿತ್ತು. ಎಬ್ಬಿಸುತ್ತೇವೆಂದು ಪವರ್ ಬಟನ್ ಅದುಮಿ ಹಿಡಿದು ಕೊಲ್ಲುತ್ತಿದ್ದವರು ನಾವು. ಮಕ್ಕಳಿಗೆ ಅಯಸ್ಕಾಂತದ ಪಾಠ ಮಾಡುವ ನಾನು ಚಪಾತಿ ಮಣೆಯವರೆಗೆ ಹೋಗಿದ್ದೆನೇ ಹೊರತು ಅತ್ತೆಯ ಕೈ ನೋಡಿರಲಿಲ್ಲ.

ಅತ್ತೆ ಮಾಮಾರ ಕೈಯಿಂದ ಕಡಗ ಇಸಿದುಕೊಂಡಳು. ಆಮೇಲೆ ಕೇಳಿದಳು: "ಹಂಗಾರ ನನ್ನ ಕಡಿಂದ ಏನೂ ತಪ್ಪಿಲ್ಲ?"

"ಏನೂ ಇಲ್ಲತ್ತಿ."

"ಆ ಅಂಗಡಿಯಾಂವಗ ಫೋನ್ ಹಚ್ಚು."

ಹಚ್ಚಿದೆ. ಅವಳು ಜಗಳವಾಡಲಿಲ್ಲ. ಅಯಸ್ಕಾಂತ ಹೇಗೆ ಕೆಲಸ ಮಾಡುತ್ತದೆ, ಮುಚ್ಚಳ ಹೇಗೆ ಕೆಲಸ ಮಾಡುತ್ತದೆ ಎಂದು ಅವನಿಗೆ ನಿಧಾನವಾಗಿ ಪಾಠ ಮಾಡಿದಳು. ಕೊನೆಗೆ, "ತಿಳೀತಿಲ್ಲೋ? ಮುಂದ ಯಾರರ ಬಂದ್ರ ಮೊದಲ ಕೈ ನೋಡ್ರಿ" ಎಂದು ಮುಗಿಸಿದಳು. ಆ ಕಡೆಯಿಂದ "ಹೌದ್ರಿ ಮೇಡಂ, ಹೌದ್ರಿ" ಎನ್ನುವುದು ನನಗೂ ಕೇಳುತ್ತಿತ್ತು.

ಹೊಸ ಸಮಸ್ಯೆ ಎದ್ದದ್ದು ಆಮೇಲೆ. ಕಡಗ ತೆಗೆಯುವ ಹಾಗಿಲ್ಲ. ಅದು ವೈನಿ ಕೊಟ್ಟದ್ದು, ಅಣ್ಣನ ಹೆಂಡತಿ ಪ್ರೀತಿಯಿಂದ ತೊಡಿಸಿದ್ದು. ಬರಿಗೈ ಕಂಡರೆ ಅವ್ವ ಒಂದು ಮಾತೂ ಆಡುವುದಿಲ್ಲ, ಆದರೆ ವರ್ಷಗಟ್ಟಲೆ ಆಡದೆ ಇರುತ್ತಾಳೆ. ಬಲಗೈಗೆ ಹಾಕಿದರೆ ಗಡಿಯಾರ ಅಡ್ಡ ಬರುತ್ತದೆ. ಮಾಮಾ ತುಸು ಯೋಚಿಸಿ ಕೇಳಿದರು: "ನೋವು ಮೊಣಕಾಲಾಗ ಐತಿ. ಕೈಯಾಗ ಯಾಕ ಹಾಕ್ಕೊಂಡಿ?"

ಇಷ್ಟು ಸರಳವಾದ ಪ್ರಶ್ನೆಯನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಕಡಗಕ್ಕೆ ಅರಿವೆಯ ಪಟ್ಟಿ ಹೊಲಿದು ಮೊಣಕಾಲಿಗೆ ಕಟ್ಟಿಕೊಂಡಳು. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಅಂದು ಸಂಜೆಯವರೆಗೂ ಎಚ್ಚರವಾಗಿತ್ತು.

ದೀಪಾವಳಿ ಮುಗಿದ ಮೇಲೆ ಅವ್ವ ಬಾಗೇವಾಡಿಯಿಂದ ಬಂದಳು, ನಾನೂ ಹೋಗಿದ್ದೆ. ಬಂದವಳ ಕಣ್ಣು ಮೊದಲು ಬಿದ್ದದ್ದು ಅತ್ತೆಯ ಎಡಗೈ ಮೇಲೆ. ಅವಳು ಕೇಳುವ ಮೊದಲೇ ಅತ್ತೆ ಮೊಣಕಾಲನ್ನು ತಟ್ಟಿ, "ಇಲ್ಲೈತಿ ವೈನಿ. ನೋವು ಇದ್ದಲ್ಲೇ ಹಾಕ್ಕೊಂಡೇನಿ. ಭಾಳ ಫರಕ್ ಅನಸ್ತೈತಿ" ಎಂದಳು. ಅವ್ವ ತಲೆಯಾಡಿಸಿದಳು. ಮಧ್ಯಾಹ್ನ ಊಟವಾದ ಮೇಲೆ ನೋಡಿದರೆ ತನ್ನ ಕಡಗವನ್ನೂ ತೆಗೆದು ಪಟ್ಟಿ ಹೊಲಿಯಲು ಅತ್ತೆಯಿಂದ ಅರಿವೆ ಕೇಳುತ್ತಿದ್ದಳು.

ಆಮೇಲೆ ಅತ್ತೆ ತಾನು ಟೈಪ್ ಮಾಡಿದ ಹಾಡುಗಳನ್ನು ಪರದೆಯಿಂದ ಓದಿ ಹೇಳತೊಡಗಿದಳು. ಅವ್ವ ಕೌದಿಯ ಮೇಲೆ ಕಾಲು ಚಾಚಿ ಕೇಳುತ್ತಿದ್ದವಳು, ತಂಗಿ ಅಣ್ಣನ ಮನೆಗೆ ಹೊರಟ ಹಾಡಿನ ನಡುವೆ ತಡೆದಳು.

"ಹಂಗಲ್ಲ ಅದು. ನಮ್ಮ ಕಡೆ ಬ್ಯಾರೆ ಐತಿ."

"ನಮ್ಮವ್ವ ಹಿಂಗ ಹಾಡ್ತಿದ್ಳು ವೈನಿ."

"ಹಾಡ್ಲಿ. ನಮ್ಮವ್ವ ಹಾಡಿದ್ದು ನಾ ಹೇಳಾಕತ್ತೇನಿ."

ಅವ್ವ ಹಾಡಿಯೇಬಿಟ್ಟಳು. ನಾನು ಹುಟ್ಟಿದಾಗಿನಿಂದ ಅವಳು ಹಾಡಿದ್ದನ್ನು ಕೇಳಿರಲಿಲ್ಲ. ದನಿ ಸಣ್ಣದು, ಆದರೆ ಎಲ್ಲಿಯೂ ತಡವರಿಸಲಿಲ್ಲ. ಮಾಮಾ ಅಂಗಳದಲ್ಲಿ ನಿಂಬೆ ಆರಿಸುವುದನ್ನು ನಿಲ್ಲಿಸಿದರು. ಅತ್ತೆ ಚಸ್ಮಾ ಸರಿಮಾಡಿಕೊಂಡು ಟೈಪ್ ಮಾಡುತ್ತ, "ತುಸು ಸಾವಕಾಶ ವೈನಿ. ನಿಂದು ಇದರ ಕೆಳಗ ಹಾಕತೇನಿ" ಎಂದಳು.

"ಮ್ಯಾಲ ಹಾಕು" ಎಂದಳು ಅವ್ವ.