ಶಾರ್ಲೆಟ್‌ವರೆಗೆ ನೂರು ಪ್ರಶ್ನೆ

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇನ್ನೆರಡು ದಿನವಿತ್ತು. ಬೆಳಗಿನ ಆರೂವರೆಗೆ ಮಾರಿಸ್‌ವಿಲ್‌ನಿಂದ ಹೊರಟೆವು. ಕಾರು ಓಡಿಸಿದವಳು ನನ್ನ ತಮ್ಮನ ಪಕ್ಕದ ಮನೆಯ ಶಾಹೀನ್, ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ. ಶಾರ್ಲೆಟ್‌ನಲ್ಲಿ ಅವಳ ಅಮೆರಿಕದ ಪೌರತ್ವದ ಸಂದರ್ಶನವಿತ್ತು; ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತನ್ನು ಅಲ್ಲಿ ಕೇಳುತ್ತಾರೆ. ನೂರೈವತ್ತು ಮೈಲಿ, ಎರಡೂವರೆ ಗಂಟೆಯ ದಾರಿ. ಮಗಳಿಗೆ ಚಿಕನ್‌ಪಾಕ್ಸ್ ಎದ್ದಿದ್ದರಿಂದ ಗಂಡ ಇಕ್ಬಾಲ್ ಮನೆಯಲ್ಲೇ ಉಳಿದ. ಊರಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ, ಈಗ ತಮ್ಮನ ಮನೆಗೆ ಬಂದಿದ್ದ ನಾನು ದಾರಿಯುದ್ದಕ್ಕೂ ಆ ಪ್ರಶ್ನೆಗಳನ್ನು ಕೇಳುವುದೆಂದು ಹಿಂದಿನ ದಿನವೇ ಮಾತಾಗಿತ್ತು.

ಅವಳು ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಿದ್ದಾಗ ಇಕ್ಬಾಲ್ ನನ್ನನ್ನು ಬಾಗಿಲ ಬಳಿ ಕರೆದ.

"ಆಂಟಿ, ಈಗ ತಾನೆ ಮೈಸೂರಿಂದ ಫೋನ್ ಬಂತು. ಅವಳ ಅಮ್ಮಿ ಹೋಗ್ಬಿಟ್ರು. ಅಲ್ಲೀಗ ಸಂಜೆ ಐದು, ಮಗ್ರಿಬ್ ನಮಾಜ್ ಆದ್ಮೇಲೆ ದಫನ್ ಅಂತೆ. ಅಷ್ಟರಲ್ಲಿ ಅಲ್ಲಿಗೆ ಹೋಗಕ್ಕಂತೂ ಆಗಲ್ಲ. ಇಂಟರ್‌ವ್ಯೂ ಮುಗಿಯೋವರ್ಗೂ ಹೇಳ್ಬೇಡಿ, ಪ್ಲೀಸ್."

ಆಗಲಿ ಎಂದೆ. ತಾಯಿಯನ್ನು ಕರೆಸಿಕೊಳ್ಳಲೆಂದೇ ಅವಳು ಪೌರತ್ವಕ್ಕೆ ಅರ್ಜಿ ಹಾಕಿದ್ದಳು. ಅದು ನನಗೂ ಇಕ್ಬಾಲನಿಗೂ ಗೊತ್ತಿದ್ದೂ ಪರೀಕ್ಷೆಯೇ ದೊಡ್ಡದೆನಿಸಿತು. ನನ್ನ ಅಜ್ಜಿ ತೀರಿಕೊಂಡ ಸುದ್ದಿಯನ್ನು ನಮ್ಮ ಮನೆಯವರು ನನಗೆ ಹೇಳಿದ್ದೂ ಬಿ.ಎ. ಕೊನೆಯ ಪೇಪರ್ ಬರೆದು ಬಂದ ಮೇಲೆಯೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವವರ ಪೈಕಿ ನಾನು. ಒಂದು ಬೆಳಗಿನ ಮಟ್ಟಿಗೆ ಬಾಯಿ ಮುಚ್ಚಿಕೊಂಡಿರುವುದು ಯಾವ ಮಹಾ ಎಂದುಕೊಂಡೆ.

"ಬಾವುಟದಲ್ಲಿ ಪಟ್ಟೆ ಎಷ್ಟು?"

"ಹದಿಮೂರು. ಮೊದಲಿದ್ದ ಕಾಲೊನಿಗಳು."

"ಮೊದಲ ಥ್ಯಾಂಕ್ಸ್‌ಗಿವಿಂಗ್ ಮಾಡಿದವರು ಬಂದ ಹಡಗು?"

"ಮೇಫ್ಲವರ್." ಅವಳು ನಕ್ಕಳು. "ಮುಂದಿನ ಥ್ಯಾಂಕ್ಸ್‌ಗಿವಿಂಗ್‌ಗೆ ಅಮ್ಮಿ ಇಲ್ಲಿದ್ರೂ ಇರಬಹುದು ಆಂಟಿ. ಹಬ್ಬಕ್ಕೆ ಬೇಯಿಸೋ ಟರ್ಕಿ ನೋಡಿ, ಇದೇನೇ ಇಷ್ಟು ದಪ್ಪ ಕೋಳಿ ಅಂತಾರೆ!"

ನಾನು ಹಾಳೆ ಮಗುಚಿದೆ. ಕಣ್ಣಿಗೆ ಒಂದಕ್ಷರವೂ ಕಾಣಲಿಲ್ಲ.

ಏಳೂಮುಕ್ಕಾಲಿಗೆ ಗ್ರೀನ್ಸ್‌ಬರೋ ಹತ್ತಿರ ಪೆಟ್ರೋಲ್ ಹಾಕಿಸಲು ಒಂದು ಗ್ಯಾಸ್ ಸ್ಟೇಷನ್‌ನಲ್ಲಿ ನಿಂತೆವು. ಚಳಿ ಮೂಳೆ ಕೊರೆಯುತ್ತಿತ್ತು. ಕೌಂಟರಿನ ಮುದುಕಿ ಸಂದರ್ಶನದ ಸಂಗತಿ ಕೇಳಿ, "ಬ್ರೇಕ್ ಎ ಲೆಗ್, ಹನಿ!" ಎಂದಳು. ಕಾಲು ಮುರಿದುಕೋ ಅನ್ನುವುದು ಎಂಥ ಹಾರೈಕೆ ಎಂದು ನಾನು ಗಾಬರಿಯಾದೆ. ಒಳ್ಳೆಯದಾಗಲಿ ಅನ್ನೋಕೆ ಇವರು ಹಾಗೇ ಹೇಳೋದು ಎಂದು ಶಾಹೀನ್ ಹೊಟ್ಟೆ ಹಿಡಿದು ನಕ್ಕಳು. ಅವಳ ಜೊತೆ ನಾನೂ ನಕ್ಕೆ. ಆ ನಗುವಿಗಾಗಿ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಿದೆ.

ಶಾರ್ಲೆಟ್‌ನ ಕಚೇರಿಯಲ್ಲಿ ಒಂದು ಗಂಟೆ ಕಾದೆ. ಹತ್ತೂವರೆಗೆ ಅವಳು ಓಡುತ್ತಲೇ ಬಂದಳು.

"ಪಾಸ್, ಆಂಟಿ! ಹತ್ತಕ್ಕೆ ಹತ್ತು! ಅಲ್ಲೀಗ ರಾತ್ರಿ ಒಂಬತ್ತು ಗಂಟೆ, ಅಮ್ಮಿ ಇನ್ನೂ ಮಲಗಿರಲ್ಲ."

ಪರ್ಸಿನಿಂದ ಊರಿಗೆ ಫೋನ್ ಮಾಡುವ ಕಾಲಿಂಗ್ ಕಾರ್ಡ್ ತೆಗೆದುಕೊಂಡು ಗೋಡೆಯ ಫೋನಿನತ್ತ ನಡೆದಳು. ರಿಸೀವರ್ ಎತ್ತಿ ಅರ್ಧ ನಂಬರು ಒತ್ತಿದ ಮೇಲೆ ನಾನು ಅವಳ ಕೈ ಹಿಡಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ರಿಸೀವರನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟಳು.

"ದಫನ್?"

"ಆಗಿರುತ್ತೆ ಕಣಮ್ಮ. ಮಗ್ರಿಬ್ ಆದ ಮೇಲೆ ಅಂದಿದ್ರು."

ಅವಳು ಬೆರಳು ಮಡಿಸಿ ಗಂಟೆ ಎಣಿಸಿದಳು. "ಆ ಹೊತ್ತಿಗೆ ನಾವು ಗ್ಯಾಸ್ ಸ್ಟೇಷನ್‌ನಲ್ಲಿದ್ವಿ," ಎಂದಳು. ಅಲ್ಲೇ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅತ್ತಳು. ನಾನು ಬೆನ್ನು ಸವರಲು ಹೋದರೆ ಸರಿದು ಕೂತಳು.

ನನಗೆ ಡ್ರೈವಿಂಗ್ ಬಾರದು. ವಾಪಸು ನೂರೈವತ್ತು ಮೈಲಿ ಅವಳೇ ಓಡಿಸಬೇಕಾಯಿತು. ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಹಾಗೇ ಉಳಿಯಿತು. ರಸ್ತೆಯ ಎರಡೂ ಬದಿ ಮರಗಳು ಎಲೆ ಉದುರಿಸಿ ನಿಂತಿದ್ದವು. ಮಾರಿಸ್‌ವಿಲ್‌ನಲ್ಲಿ ಮನೆಯ ಮುಂದೆ ಕಾರು ನಿಂತಾಗ ಇಕ್ಬಾಲ್ ಬಾಗಿಲಲ್ಲೇ ಇದ್ದ. ಅವಳು ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದೇ ನನ್ನತ್ತ ತಿರುಗಿದಳು.

"ಬೆಳಗ್ಗೇನೇ ಹೇಳಿದ್ದಿದ್ರೆ ಫೋನಲ್ಲಾದ್ರೂ ಅಳೋರ ಜೊತೆ ಇರ್ತಿದ್ದೆ. ಕೂತು ದುವಾ ಮಾಡ್ತಿದ್ದೆ. ಇಂಟರ್‌ವ್ಯೂಗೆ ಇನ್ನೊಂದು ಡೇಟ್ ಸಿಗ್ತಿತ್ತು, ಆಂಟಿ."