ಅಳಿಸದೆ ಉಳಿದ ಹೆಸರು

ಚಾಚಾರ ಅಂಗಿಯ ಬಲತೋಳು ಯಾವಾಗ ನೋಡಿದರೂ ಬೆಳ್ಳಗಿರುತ್ತಿತ್ತು. ಡಸ್ಟರ್ ಕೊಟ್ಟರೂ ಬೇಡ, ಕಪ್ಪುಹಲಗೆಯನ್ನು ತೋಳಿನಿಂದಲೇ ಒರೆಸಬೇಕು. ಮಾನ್ವಿಯಲ್ಲಿ ಅವರ ಬಳೆ ಅಂಗಡಿಯ ಹೊರಗೆ ತೂಗುಹಾಕಿದ್ದ ಆ ಹಲಗೆಯ ಮೇಲೆ ನಮ್ಮ ಸಂಘದ ರಕ್ತದಾನಿಗಳ ಹೆಸರು, ಫೋನ್ ನಂಬರು. ರಕ್ತ ಕೊಟ್ಟವರ ಹೆಸರನ್ನು ಅಳಿಸಿ, ಮೂರು ತಿಂಗಳಾದ ಮೇಲೆ ಮತ್ತೆ ಬರೆಯುವರು. ಬಳೆ ತೊಡಲು ಬಂದ ಹೆಣ್ಣುಮಕ್ಕಳೂ "ಕುರ್ಡಿ ಊರಾಂವ ನಿನ್ನೆ ರಕ್ತ ಕೊಟ್ಟು ಬಂದಾನ್ರಿ ಚಾಚಾ" ಎಂದು ತಾವೇ ಒರೆಸಿ ಹೋಗುತ್ತಿದ್ದರು.

ಸಂಘಕ್ಕೊಂದು ವೆಬ್‌ಸೈಟ್ ಬೇಕೆಂದವನು ನಾನು. ರಾಯಚೂರಿನಲ್ಲಿ ಕಂಪ್ಯೂಟರ್ ಕಲಿಸುವವನು, ಊರಿಗೆಲ್ಲ ನಾನೇ ಜಾಣ. ಸೈಟಿನೊಳಗೆ ಬರೆಯಲು, ತಿದ್ದಲು ಎರಡು ಬಗೆಯ ವ್ಯವಸ್ಥೆ ತೋರಿಸಿದೆ. ಒಂದು ಸಾದಾ, ಯಾರ ಫೋನಿನಿಂದಲಾದರೂ ಕನ್ನಡದಲ್ಲಿ ತಿದ್ದಬಹುದು. ಇನ್ನೊಂದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿಯುವ ಜಾತಿ. ತಿದ್ದಬೇಕೆಂದರೆ ನನ್ನ ಲ್ಯಾಪ್‌ಟಾಪೇ ಬೇಕು, ನನ್ನ ಪಾಸ್‌ವರ್ಡೇ ಬೇಕು.

"ಇದು ಛಂದ ಅದ ಸರ," ಎಂದರು ಚಾಚಾ, ಎರಡನೆಯದನ್ನು ನೋಡಿ. "ಆದ್ರ ಅಳಸಾದು ಹ್ಯಾಂಗ?"

"ನಂಗ ಮೆಸೇಜ್ ಹಾಕ್ರಿ, ನಾ ಅಳಸ್ತೀನಿ. ಎಲ್ಲಾರ ಕೈಗೆ ಕೊಟ್ರ ಕೆಡಸ್ತಾರ."

"ಅರೇ, ಚಾಕ್‌ಪೀಸ್ ಎಲ್ಲಾರ ಕೈಯಾಗೂ ಇತ್ತಲ್ರಿ. ಯಾರ್ ಏನ್ ಕೆಡಿಸ್ಯಾರ?"

ನನ್ನ ಗತ್ತೇ ಗೆದ್ದಿತು. ಎರಡನೆಯದೇ ಆಯಿತು. ಇನ್ನು ಹಲಗೆ ಯಾಕೆಂದು ಅದನ್ನೂ ಇಳಿಸಿಬಿಟ್ಟೆ. ಚಾಚಾ ಮುನಿಯಲಿಲ್ಲ, ತಪ್ಪದೆ ಮೆಸೇಜ್ ಕಳಿಸುತ್ತಿದ್ದರು. ಭಾನುವಾರ ಮಾಡಿದರಾಯಿತು ಎಂದುಕೊಳ್ಳುತ್ತಿದ್ದೆ. ಎಷ್ಟು ಭಾನುವಾರ ಕಳೆದವೋ.

ಹೋದ ಬೇಸಿಗೆಯಲ್ಲಿ ಚಾಚಾ ರಕ್ತ ಕಾರಿಕೊಂಡು ರಾಯಚೂರಿನ ಆಸ್ಪತ್ರೆ ಸೇರಿದರು. ಅವರ ರಕ್ತದ ಗುಂಪು ಓ ನೆಗೆಟಿವ್. ಎಲ್ಲಿ ಕೇಳಿದರೂ ಒಂದು ಬಾಟಲಿ ಇಲ್ಲ. ಸೈಟ್ ತೆರೆದೆ. ಆ ಗುಂಪಿನವು ನಾಲ್ಕು ಹೆಸರು, ಮೊದಲನೆಯದು ಚಾಚಾರದೇ. ದೇವದುರ್ಗದವನಿಗೆ ಫೋನ್ ಮಾಡಿದರೆ, "ಕೊಟ್ಟು ಹದಿನೈದ ದಿನ ಆತ್ರಿ. ಚಾಚಾಗ ಹೇಳಿದ್ನಲ್ರಿ" ಎಂದ. ಇನ್ನೊಬ್ಬ ಪುಣೆಗೆ ದುಡಿಯಲು ಹೋಗಿದ್ದ. ಮತ್ತೊಬ್ಬನ ನಂಬರೇ ಬದಲಾಗಿತ್ತು. ಹುಚ್ಚನಂತೆ ಚಾಚಾರ ಹಳೆಯ ಮೆಸೇಜುಗಳನ್ನು ಹುಡುಕಿದೆ. ಎಲ್ಲವೂ ಅಲ್ಲಿತ್ತು. ಜೊತೆಗೆ ಇದೂ ಇತ್ತು: "ಅರಕೇರಾದಾಗ ಒಬ್ಬಾಕಿ ಹೊಸಬಾಕಿ ಸಿಕ್ಕಾಳ. ಓ ನೆಗೆಟಿವ್. ಲಗೂನ ಹಾಕ್ರಿ ಸರ."

ಆಕೆಗೆ ಫೋನ್ ಮಾಡಿದೆ. ಕೈಲಿದ್ದ ಕೆಲಸ ಬಿಟ್ಟು ಸಿಕ್ಕ ಬಸ್ಸು ಹತ್ತಿದಳು.

"ಯಾರ್ ಬರಾಕತ್ತಾರ?" ಚಾಚಾರ ದನಿ ಕೇಳಿಸುವಂತಿರಲಿಲ್ಲ.

"ಅರಕೇರಾದಾಕಿ."

"ಆಕಿ ಹೆಸರು ಹಾಕಿದ್ರಲ್ಲ?"

"ಹಾಕೀನ್ರಿ ಚಾಚಾ."

ಅವರಿಗೆ ನಾನಾಡಿದ ಕೊನೆಯ ಮಾತು ಅದು, ಸುಳ್ಳು. ಆಕೆ ಬಂದು ತಲುಪುವಷ್ಟರಲ್ಲಿ ಚಾಚಾ ಹೋಗಿ ಒಂದು ಗಂಟೆಯಾಗಿತ್ತು.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಬಂದು, ಸೈಟನ್ನು ಆ ಸಾದಾ ವ್ಯವಸ್ಥೆಗೆ ಬದಲಾಯಿಸಿದೆ. ಸಂಘದ ಎಲ್ಲರ ಫೋನಿನಿಂದಲೂ ತಿದ್ದುವಂತೆ ಮಾಡಿದೆ. ಒಂದು ಹೆಸರನ್ನು ಮಾತ್ರ ಅಳಿಸಲು ನನಗೆ ಕೈ ಬಂದಿರಲಿಲ್ಲ. ಮರುದಿನವೇ ಅರಕೇರಾದ ಆ ಹೆಣ್ಣುಮಗಳ ಫೋನ್ ಬಂತು.

"ಸರ, ಚಾಚಾರ ಹೆಸರು ನಾನೇ ತಗದೀನ್ರಿ. ಪಾಪ, ಯಾರಾರ ರಕ್ತ ಬೇಕಂತ ಆ ನಂಬರಿಗೆ ಫೋನ್ ಮಾಡಿಕೋತ ಕುಂತಾರು."