ಬೀಸುವ ಕಲ್ಲಿನ ಮೇಲೆ ಎಂಟು ಪಟ

ನಮ್ಮ ಮನೆಯ ಬೀಸುವ ಕಲ್ಲು ಒಂದು ಬೇಸಿಗೆ ಪೂರ್ತಿ ನಡುಮನೆಯ ಕಿಟಕಿಯ ಬಳಿ, ಹಿಡಿಗೂಟ ಕಳಚಿಕೊಂಡು, ತಲೆಯ ಮೇಲೊಂದು ದುಂಡು ಹಲಗೆ ಹೊತ್ತು ಕೂತಿತ್ತು. ಅಪರಾಧಿ ನಾನೇ. ಮುಳಬಾಗಿಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನನಗೆ, ಒಂದೇ ವಸ್ತು ಮಗ್ಗುಲಿಗೊಂದು ರೂಪ ತಾಳುವುದನ್ನು ಫೋಟೋ ಹಿಡಿದು ಮಕ್ಕಳಿಗೆ ತೋರಿಸುವ ಹುಚ್ಚು ಹತ್ತಿತ್ತು. ಬೆಳಕು ಬರುವುದು ಒಂದೇ ಕಿಟಕಿಯಿಂದ. ಕ್ಯಾಮೆರಾ ಹೊತ್ತು ವಸ್ತುವಿನ ಸುತ್ತ ನಡೆದರೆ ಬೆಳಕು ತಪ್ಪುತ್ತದೆ. ಹಾಗಾದರೆ ನಾನು ಕೂತಿರುತ್ತೇನೆ, ಜಗತ್ತೇ ತಿರುಗಲಿ ಎಂದುಕೊಂಡೆ. ಸೋಮಾರಿಗಳಿಗೆ ಇಂಥ ತತ್ತ್ವಜ್ಞಾನ ಬೇಗ ಹೊಳೆಯುತ್ತದೆ, ಗೆಳೆಯರೇ.

ಮೊದಲು ಕುಂಬಾರ ಮುನಿಶಾಮಿಯ ಮನೆಗೆ ಹೋಗಿ, ಅವನ ತಿಗರಿಯನ್ನು ನಾಲ್ಕು ದಿನಕ್ಕೆ ಕೇಳಿದ್ದೆ. ಅವನು ಯುದ್ಧಕ್ಕೆ ಸೇರಿ ಕಡಲಾಚೆ ಹೋಗಿ ವರ್ಷವಾಗಿತ್ತು. ಮಡಕೆ ಮಾಡುವ ಆ ಚಕ್ರ ಸುಮ್ಮನೆ ಬಿದ್ದಿರಬೇಕೆಂದು ನನ್ನ ಎಣಿಕೆ. ಅವನ ತಾಯಿ ವೆಂಕಟಮ್ಮ ಬಾಗಿಲಲ್ಲೇ ತಡೆದಳು.

"ನನ್ ಮಗನ್ ಕೈ ಬಿಟ್ರೆ ಇನ್ನೊಬ್ರು ಮುಟ್ಟೋ ಹಂಗಿಲ್ಲ ಸ್ವಾಮಿ. ನಮ್ ಹೆಂಗಸ್ರೇ ಮುಟ್ಟಲ್ಲ."

ಹೀಗಾಗಿ ಬೀಸುವ ಕಲ್ಲು. ನನ್ನ ಫಿಲಂ ಸುರುಳಿಗೆ ಎಂಟೇ ಪಟ. ಅದಕ್ಕೇ ಹಲಗೆಯ ಅಂಚಿಗೆ ಎಂಟು ಗೆರೆ ಎಳೆದು, ಗೆರೆಗೊಂದು ಪಟವೆಂದು ಗೊತ್ತುಮಾಡಿದೆ. ಬರಿಗಲ್ಲು ಗರಗರನೆ ಕಚ್ಚಿ ನಿಲ್ಲುತ್ತಿತ್ತು, ನಡುವೆ ಒಂದು ಹಿಡಿ ರಾಗಿ ಸುರಿದ ಮೇಲೆ ಬೆಣ್ಣೆಯ ಹಾಗೆ ತಿರುಗತೊಡಗಿತು. ನನ್ನ ಹೆಂಡತಿ ಇಣುಕಿ ನೋಡಿ, "ಫೋಟೋ ತೆಗೀರಿ, ಬ್ಯಾಡ ಅನ್ನಲ್ಲ. ಇನ್ನೊಂದ್ ನಾಕು ಸುತ್ತು ಜಾಸ್ತಿ ತಿರುಗ್ಸಿ, ಸಾಯಂಕಾಲ ಮುದ್ದೆಗೆ ಹಿಟ್ಟು ಸಾಲ್ದು" ಅಂದಳು. ಕಲೆಗೆ ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಮುಂದೆಂದೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಮುನಿಶಾಮಿಯ ಹೆಂಡತಿ ರತ್ನಮ್ಮ ಸೆರಗಿನಡಿ ಒಂದು ಗಡಿಗೆ ಬಚ್ಚಿಟ್ಟುಕೊಂಡು ಬಂದಳು. ಅತ್ತೆ ವೆಂಕಟಮ್ಮ ತನ್ನ ಮಗಳ ಮನೆಗೆಂದು ನಂಗಲಿಗೆ ಹೋಗಿದ್ದ ದಿನಗಳಲ್ಲಿ ಇವಳು ತಿಗರಿಯ ಮುಂದೆ ಕೂತಿದ್ದಳಂತೆ. ಹಿಂತಿರುಗಿದ ವೆಂಕಟಮ್ಮ ಗಡಿಗೆಗಳನ್ನೆಲ್ಲ ಒಡೆದುಹಾಕಿ, ಮಗ ಒಪ್ಪಿದರೆ ಸರಿ, ಒಪ್ಪದಿದ್ದರೆ ತಿಗರಿ ಬೈರಕೂರಿನಲ್ಲಿರುವ ರತ್ನಮ್ಮನ ಮೈದುನನ ಪಾಲು ಎಂದು ತೀರ್ಪು ಕೊಟ್ಟಿದ್ದಳು. ಉಳಿದದ್ದು ಇದೊಂದೇ.

"ಸುತ್ತಾ ಪಟ ಹಿಡೀರಿ ಮೇಷ್ಟ್ರೇ, ಅವ್ರಿಗೆ ಕಳಿಸ್ಬೇಕು."

"ಒಂದ್ ಸಾಕಲ್ಲಮ್ಮ, ಗಡಿಗೆ ಎಲ್ಲಾ ಕಡೆಯಿಂದ್ಲೂ ಒಂದೇ."

"ನಿಮ್ಗೆ ಒಂದೇ. ಅವ್ರಿಗೆ ಒಂದಲ್ಲ."

ನೋಡಿ, ಮಗ್ಗುಲಿಗೊಂದು ರೂಪವೆಂದು ಮಕ್ಕಳಿಗೆ ಬೋಧಿಸಲು ಹೊರಟವನ ಬಾಯಲ್ಲೇ ಆ ಮಾತು! ನಾಚಿಕೆಯಾಯಿತು. ಯುದ್ಧಕಾಲದಲ್ಲಿ ಫಿಲಂ ಸಿಗುವುದೇ ದುರ್ಲಭ. ನನ್ನಲ್ಲಿದ್ದದ್ದು ಕೊನೆಯ ಸುರುಳಿ. "ಅವರು ಬೈದು ಬರೆದರೆ?" ಎಂದೆ.

"ಬೈಲಿ. ಮಣ್ಣು ಕೈಯೊಳ್ಗೆ ಮೇಲಕ್ ಏಳ್ತದಲ್ಲ ಸ್ವಾಮಿ, ಅದನ್ನ ಕಂಡ್ಮ್ಯಾಲೆ ಬಿಡಾಕಾಗ್ತಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ಸಾಮಾನ್ಯವಾಗಿ ಊರಿನ ಕಷ್ಟಸುಖಗಳಿಂದ ಮಾರುದೂರ ನಿಲ್ಲುವವನು ನಾನು. ಅಂದು ಎಂಟಕ್ಕೆ ಎಂಟೂ ಪಟ ಅವಳ ಗಡಿಗೆಗೇ ಖರ್ಚಾದವು. ಪ್ರಿಂಟು ಹಾಕಿಸಿ, ಪಟಗಳ ಹಿಂಬದಿಗೆ ಒಂದು, ಎರಡು ಎಂದು ಅಂಕಿ ಬರೆದು, ಅವಳು ಹೇಳಿದಷ್ಟನ್ನು ಕಾಗದದಲ್ಲಿ ಗೀಚಿ ಅಂಚೆಗೆ ಹಾಕಿದೆ. ಗಡಿಗೆಯ ಎಂಟು ಭಾವಚಿತ್ರಗಳನ್ನು ಕಂಡು ಮಿಲಿಟರಿ ಅಂಚೆಯವರು ಏನು ತಿಳಿದರೋ, ದೇವರೇ ಬಲ್ಲ.

ಮಾವಿನ ಕಾಲ ಮುಗಿದು ಹೊಲಗಳಲ್ಲಿ ರಾಗಿ ಬಿತ್ತುವ ಹೊತ್ತಿಗೆ ಉತ್ತರ ಬಂತು. ಓದಿ ಹೇಳಲು ನನ್ನನ್ನೇ ಕರೆದರು. ವೆಂಕಟಮ್ಮ ಹೊಸ್ತಿಲ ಮೇಲೆ ಮುಖ ತಿರುಗಿಸಿ ಕೂತಿದ್ದಳು; ರತ್ನಮ್ಮ ಕಂಬ ಹಿಡಿದು ನಿಂತಿದ್ದಳು. ಯಾರೋ ಜೊತೆಗಾರನ ಕೈಬರಹ, ಮಾತು ಮಾತ್ರ ಮುನಿಶಾಮಿಯದೇ. ಕ್ಷೇಮ ಸಮಾಚಾರದ ನಂತರ ಹೀಗಿತ್ತು:

"ನಾಕನೇ ಪಟದಾಗೆ ಬಾಯಿ ಎಡಕ್ಕೆ ವಾಲೈತೆ. ಬಾಯಿ ತೆಗೆಯೋವಾಗ ಎಡ ಮೊಣಕೈ ಮಂಡಿಗೆ ಒತ್ಕೋ. ಕೆರೆ ಮಣ್ಣಿಗೆ ಮರಳು ಇನ್ನೊಂದು ಹಿಡಿ ಹಾಕು. ಆಮ್ಯಾಲೆ ಮಾಡಿದ್ದರ ಪಟ ಕಳ್ಸು."

ಮುಟ್ಟಿದ್ದೇಕೆ ಎಂಬ ಒಂದು ಸೊಲ್ಲೂ ಅದರಲ್ಲಿರಲಿಲ್ಲ. ರತ್ನಮ್ಮ ಕಂಬ ಬಿಟ್ಟು ನನ್ನ ಮುಂದೆ ಬಂದು ಕೂತಳು.

"ಮೊಣಕೈದು ಇನ್ನೊಂದ್ ಕಿತ ಓದಿ ಸ್ವಾಮಿ."

ನಾನು ಇನ್ನೊಮ್ಮೆ ಓದಿದೆ. ಹೊಸ್ತಿಲ ಮೇಲಿದ್ದ ವೆಂಕಟಮ್ಮ ನಿಧಾನವಾಗಿ ಎದ್ದಳು, ಸೀರೆ ಕೊಡವಿಕೊಂಡಳು, ಸೊಸೆಯ ಕಡೆ ನೋಡದೆಯೇ ಗದರಿದಳು:

"ಕೂತ್ಕೊಂಡೇನ್ ಮಾಡ್ತಿದ್ದೀಯೇ? ಮಣ್ಣು ನೆನೆಹಾಕು, ನಡಿ."